ನಂಬರ್ ಕಾಲಂ 1, 10, 100, 2 ಅಂತ ಸಾರ್ಟ್ ಆಗುತ್ತಿದೆ: ಮುಂದೆ ಸೊನ್ನೆ ಸೇರಿಸುವುದೊಂದೇ ದಾರಿಯಾ?

ಮೂರನೇ_ಕಾಲಂ

ಎಲ್ಲರಿಗೂ ನಮಸ್ಕಾರ. ಉಪಕರಣಗಳ ಲೆಕ್ಕ ಇಡುವ ಒಂದು ಸಣ್ಣ ವೆಬ್ ಸಾಫ್ಟ್‌ವೇರ್ ಈಗ ನನ್ನ ಜವಾಬ್ದಾರಿಗೆ ಬಂದಿದೆ. ಪಟ್ಟಿಯಲ್ಲಿ ಕಾಲಂ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಅದರ ಪ್ರಕಾರ ಸಾಲುಗಳು ಜೋಡಣೆಯಾಗಬೇಕು. ಹೆಸರಿನ ಕಾಲಂ ಸರಿಯಾಗಿದೆ. ಕ್ರಮಸಂಖ್ಯೆ ಮಾತ್ರ ಹೀಗೆ ಬರುತ್ತಿದೆ:

1, 10, 100, 101, 11, 2, 20, 21, 3

ಒಂಬತ್ತು ಸಾಲು ಇರುವ ತನಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಸಾಲು ಜಾಸ್ತಿಯಾಗಿ ಎಲ್ಲರೂ ಕೇಳುತ್ತಿದ್ದಾರೆ. ಪಕ್ಕದಲ್ಲೇ ಉಪಕರಣದ ಕೋಡ್ ಇದೆ: ಎ-2, ಎ-10, ಎ-10ಬಿ ಹೀಗೆ. ಅದೂ ಹಿಂದೆ ಮುಂದೆ ಆಗಿದೆ. ಇನ್ನೊಂದು ಕಾಲಂನಲ್ಲಿ ಉಪಕರಣದೊಳಗಿನ ಸಾಫ್ಟ್‌ವೇರ್ ವರ್ಷನ್ ಇದೆ. ಅಲ್ಲಿ 1.9ಕ್ಕಿಂತ ಮೊದಲೇ 1.10 ಬಂದು ಕೂತಿದೆ.

ಎಲ್ಲ ನಂಬರಿನ ಮುಂದೆಯೂ ಸೊನ್ನೆ ಹಾಕಿಬಿಡಿ, 0001, 0002 ಅಂತ ಮಾಡಿ, ಎಂದು ಒಬ್ಬರು ಹೇಳಿದರು. ಅದರಿಂದ ಕೆಲಸ ಆಗಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಇದನ್ನು ಹೇಗೆ ಸರಿಮಾಡುತ್ತೀರಿ?

ಹಳೇ_ಟರ್ಮಿನಲ್

ಮೊದಲು ಏನಾಗುತ್ತಿದೆ ಅಂತ ನೋಡೋಣ. ನಿಮ್ಮ ಸಾಫ್ಟ್‌ವೇರ್ ಅವುಗಳನ್ನು ಸಂಖ್ಯೆ ಅಂದುಕೊಂಡಿಲ್ಲ, ಅಕ್ಷರಗಳ ಸಾಲು ಅಂದುಕೊಂಡಿದೆ. ನಿಘಂಟಿನಲ್ಲಿ ಪದ ಜೋಡಿಸುವ ಹಾಗೆ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಿದೆ.

10 ಮತ್ತು 9 ತೆಗೆದುಕೊಳ್ಳಿ. ಒಂದರಲ್ಲಿ ಮೊದಲ ಅಕ್ಷರ 1, ಇನ್ನೊಂದರಲ್ಲಿ 9. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಕೋಡಿನಲ್ಲಿ 1ರ ಬೆಲೆ 49, 9ರ ಬೆಲೆ 57. 49 ಚಿಕ್ಕದು, ಹಾಗಾಗಿ 10 ಮೊದಲು. ಅಲ್ಲಿಗೆ ಹೋಲಿಕೆ ಮುಗಿಯಿತು. 10ರಲ್ಲಿರುವ ಸೊನ್ನೆಯನ್ನು ಅದು ನೋಡುವುದೇ ಇಲ್ಲ. 1 ಮತ್ತು 10 ಹೋಲಿಸುವಾಗ ಮೊದಲ ಅಕ್ಷರ ಒಂದೇ, ಆಮೇಲೆ ಒಂದು ಮುಗಿದುಹೋಯಿತು, ಇನ್ನೊಂದು ಉಳಿದಿದೆ. ಮುಗಿದದ್ದು ಮೊದಲು. ನಿಮ್ಮ ಪಟ್ಟಿಯ ಕ್ರಮ ಪೂರ್ತಿ ಇದೇ ನಿಯಮದಿಂದ ಬಂದದ್ದು.

ಸೊನ್ನೆ ಹಾಕುವ ಮೊದಲು ಒಂದು ಮಾತು. ನೀವು ಹೇಳಿದ ಮೂರು ಕಾಲಂ ಮೂರು ಬೇರೆ ಬೇರೆ ಜಾತಿಯ ಮಾಹಿತಿ. ಮೊದಲನೆಯದು ನಿಜವಾದ ಸಂಖ್ಯೆ. ಎರಡನೆಯದು ಅಕ್ಷರ ಮತ್ತು ಅಂಕಿ ಬೆರೆತ ಕೋಡ್. ಮೂರನೆಯದು ವರ್ಷನ್, ಅದು ನೋಡಲು ದಶಮಾಂಶದ ಹಾಗಿದ್ದರೂ ದಶಮಾಂಶ ಅಲ್ಲ. ಮೂರಕ್ಕೂ ಒಂದೇ ಔಷಧಿ ಹುಡುಕಿದರೆ ಒಂದಾದರೂ ಕೆಟ್ಟೇ ಕೆಡುತ್ತದೆ.

ಎರಡು ವಿಷಯ ತಿಳಿಸಿ. ಡೇಟಾಬೇಸಿನಲ್ಲಿ ಆ ಕಾಲಂ ಯಾವ ಟೈಪ್? ಸಾರ್ಟ್ ಆಗುತ್ತಿರುವುದು ಎಲ್ಲಿ, ಸರ್ವರ್‌ನಲ್ಲಾ ಬ್ರೌಸರ್‌ನಲ್ಲಾ?

ಮೂರನೇ_ಕಾಲಂ

ಈಗ ಅರ್ಥವಾಯಿತು. ಡೇಟಾಬೇಸಿನಲ್ಲಿ ಮೂರೂ ಟೆಕ್ಸ್ಟ್ ಇಡುವ ಟೈಪ್, ಅಂದರೆ ವಾರ್‌ಚಾರ್. ಮೊದಲು ಎಕ್ಸೆಲ್ ಶೀಟಿನಿಂದ ತುಂಬಿಸಿದ್ದರಂತೆ, ಆಗ ಎಲ್ಲವನ್ನೂ ಟೆಕ್ಸ್ಟ್ ಮಾಡಿಬಿಟ್ಟಿದ್ದಾರೆ. ಸಾರ್ಟ್ ಆಗುವುದು ಬ್ರೌಸರ್‌ನಲ್ಲಿ, ಜಾವಾಸ್ಕ್ರಿಪ್ಟ್.

ಆದರೆ ಒಂದು ವಿಚಿತ್ರ. ಇನ್ನೊಂದು ಪುಟದಲ್ಲಿ ಸರ್ವರ್ ನಿಜವಾದ ಸಂಖ್ಯೆಗಳನ್ನೇ ಕಳಿಸುತ್ತದೆ, ಕೋಟ್ಸ್ ಇಲ್ಲದೆ. ಅಲ್ಲೂ 1, 10, 2 ಅಂತಲೇ ಬರುತ್ತಿದೆ. ಟೈಪ್ ಸರಿ ಇದ್ದರೂ ಯಾಕೆ?

ಬ್ರೌಸರ್_ಬದಿ

ಅದು ಜಾವಾಸ್ಕ್ರಿಪ್ಟಿನ ಹಳೇ ಗುಣ. ಅರೇ, ಅಂದರೆ ಬೆಲೆಗಳ ಪಟ್ಟಿ, ಅದರ ಮೇಲೆ ಸುಮ್ನೆ ಸಾರ್ಟ್ ಅಂತ ಕರೆದರೆ ಅದು ಒಳಗಿರುವ ಪ್ರತಿಯೊಂದನ್ನೂ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿಕೊಂಡು, ಯುಟಿಎಫ್-16 ಅನ್ನುವ ಅಕ್ಷರ ಸಂಕೇತದ ಕೋಡ್ ಪ್ರಕಾರ ಹೋಲಿಸುತ್ತದೆ. ಒಳಗೆ ನಿಜವಾದ ಸಂಖ್ಯೆ ಇದ್ದರೂ ಹಾಗೇ ಮಾಡುತ್ತದೆ. ಭಾಷೆಯ ನಿಯಮವೇ ಅದು.

ಸಂಖ್ಯೆಗೆ ಹೋಲಿಸುವ ಫಂಕ್ಷನ್ ನೀವೇ ಕೊಡಬೇಕು: ಮೊದಲನೆಯದರಿಂದ ಎರಡನೆಯದನ್ನು ಕಳೆದು ಉತ್ತರ ಹಿಂದಿರುಗಿಸಿ. ಉತ್ತರ ಮೈನಸ್ ಬಂದರೆ ಮೊದಲನೆಯದು ಮುಂದೆ, ಪ್ಲಸ್ ಬಂದರೆ ಹಿಂದೆ, ಸೊನ್ನೆ ಬಂದರೆ ಎರಡೂ ಸಮ. ಅಷ್ಟೇ.

ಇಲ್ಲಿ ತುಂಬ ಜನ "ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾ" ಅಂತ ಕೇಳಿ, ಬಂದ ಹೌದು ಅಥವಾ ಅಲ್ಲ ಎಂಬ ಉತ್ತರವನ್ನೇ ಹಿಂದಿರುಗಿಸುತ್ತಾರೆ. ಅದನ್ನು ಮಾಡಬೇಡಿ. ಹೌದು ಅಂದರೆ 1, ಅಲ್ಲ ಅಂದರೆ 0. ಮೈನಸ್ ಬರುವುದೇ ಇಲ್ಲ. ಚಿಕ್ಕದಕ್ಕೂ ಸಮಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕೆಲವು ಪಟ್ಟಿಗಳಲ್ಲಿ ಅದು ಸರಿಯಾಗಿ ಬಂದ ಹಾಗೆ ಕಾಣುತ್ತದೆ, ಅದೇ ಅಪಾಯ.

ಕೋಡ್ ಕಾಲಂಗೆ, ಅಂದರೆ ಎ-2, ಎ-10 ತರಹದ್ದಕ್ಕೆ, ಬ್ರೌಸರ್‌ನಲ್ಲೇ ಸೌಲಭ್ಯ ಇದೆ. ಇಂಟ್ಲ್ ಕೊಲೇಟರ್ ಅಂತ ಹುಡುಕಿ, ಭಾಷೆಯ ನಿಯಮದಂತೆ ಟೆಕ್ಸ್ಟ್ ಹೋಲಿಸುವ ಸಾಧನ ಅದು. ಅದಕ್ಕೆ ನ್ಯೂಮೆರಿಕ್ ಅನ್ನುವ ಆಯ್ಕೆಯನ್ನು ಟ್ರೂ ಮಾಡಿದರೆ, ಪಕ್ಕಪಕ್ಕದಲ್ಲಿರುವ ಅಂಕಿಗಳನ್ನೆಲ್ಲ ಒಟ್ಟು ಸೇರಿಸಿ ಒಂದು ಸಂಖ್ಯೆ ಅಂತ ಓದುತ್ತದೆ. ಎ-2, ಎ-10, ಎ-10ಬಿ ಸರಿಯಾಗಿ ಬರುತ್ತವೆ. ಲೊಕೇಲ್‌ಕಂಪೇರ್‌ಗೂ ಇದೇ ಆಯ್ಕೆ ಕೊಡಬಹುದು. ಆದರೆ ಸಾಲು ಜಾಸ್ತಿ ಇದ್ದರೆ ಕೊಲೇಟರ್ ಅನ್ನು ಹೊರಗೆ ಒಂದೇ ಸಲ ತಯಾರಿಸಿ ಇಟ್ಟುಕೊಳ್ಳಿ. ಪ್ರತಿ ಹೋಲಿಕೆಗೂ ಹೊಸದಾಗಿ ಮಾಡಿದರೆ ಪುಟ ನಿಧಾನವಾಗುತ್ತದೆ.

ಸೊನ್ನೆ_ಮುಂದೆ

ಇಷ್ಟೆಲ್ಲ ಯಾಕೆ ಬೇಕು ಅಂತ ನನಗೆ ಅನ್ನಿಸುತ್ತದೆ. ಮುಂದೆ ಸೊನ್ನೆ ಇಟ್ಟರೆ ಎಲ್ಲ ಸಾಫ್ಟ್‌ವೇರಿನಲ್ಲೂ, ಎಲ್ಲ ಭಾಷೆಯಲ್ಲೂ ಕ್ರಮ ಸರಿ ಇರುತ್ತದೆ. ಕೊಲೇಟರ್ ಇರಲಿ ಬಿಡಲಿ. ಲಿನಕ್ಸಿನಲ್ಲಿ ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟರೂ ಸರಿ, ಹಳೇ ಮ್ಯೂಸಿಕ್ ಪ್ಲೇಯರ್‌ಗೆ ಹಾಕಿದರೂ ಸರಿ. ದಿನಾಂಕಕ್ಕೆ ಐಎಸ್‌ಒ 8601 ಮಾಡಿದ್ದೂ ಇದನ್ನೇ ಅಲ್ವಾ? 2024-03-09 ಅಂತ ವರ್ಷ, ತಿಂಗಳು, ದಿನ ಬರೆದು, ತಿಂಗಳಿಗೂ ದಿನಕ್ಕೂ ಕಡ್ಡಾಯವಾಗಿ ಎರಡು ಅಂಕಿ ಇಟ್ಟಿದ್ದಾರೆ. ಅದನ್ನು ಬರೀ ಟೆಕ್ಸ್ಟ್ ಆಗಿ ಸಾರ್ಟ್ ಮಾಡಿದರೂ ಕಾಲದ ಕ್ರಮವೇ ಬರುತ್ತದೆ. 9-3-2024 ಅಂತ ಬರೆಯುವವರು ಪಡುವ ಪಾಡು ನೋಡಿದ್ದೇನೆ.

ಸರಳವಾದದ್ದು ಹೆಚ್ಚು ದಿನ ಬಾಳುತ್ತದೆ. ನನ್ನ ಮತ ಸೊನ್ನೆಗೇ.

ಹಳೇ_ಟರ್ಮಿನಲ್

ದಿನಾಂಕದ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಕಡತದ ಹೆಸರಿಗೂ ಒಪ್ಪುತ್ತೇನೆ, ಯಾಕೆಂದರೆ ಕಡತ ಯಾವ ಯಂತ್ರಕ್ಕೆ ಹೋಗುತ್ತದೋ ನಮ್ಮ ಕೈಯಲ್ಲಿಲ್ಲ. ವಿಂಡೋಸ್ ಎಕ್ಸ್‌ಪ್ಲೋರರ್ ಎಕ್ಸ್‌ಪಿ ಕಾಲದಿಂದ ಹೆಸರಿನೊಳಗಿನ ಅಂಕಿಗಳನ್ನು ಸಂಖ್ಯೆಯಾಗಿ ಓದುತ್ತದೆ, ಮ್ಯಾಕ್‌ನ ಫೈಂಡರ್ ಕೂಡ ಓದುತ್ತದೆ. ಟರ್ಮಿನಲ್‌ನಲ್ಲಿ ಬರೀ ಎಲ್‌ಎಸ್ ಓದುವುದಿಲ್ಲ, ಅದಕ್ಕೆ ಮೈನಸ್ ಸಣ್ಣ ವಿ ಕೊಡಬೇಕು. ಒಂದೇ ಫೋಲ್ಡರ್ ಎರಡು ಕಡೆ ಎರಡು ಕ್ರಮದಲ್ಲಿ ಕಾಣುವುದು ಇದಕ್ಕೇ.

ಆದರೆ ಡೇಟಾಬೇಸಿನಲ್ಲಿರುವ ಸಂಖ್ಯೆಗೆ ಸೊನ್ನೆ ಬೇಡ. ಎಷ್ಟು ಅಗಲ ಅಂತ ಇವತ್ತೇ ನಿರ್ಧರಿಸಬೇಕಾಗುತ್ತದೆ. ನಾಲ್ಕು ಅಂಕಿ ಅಂತ ಇಟ್ಟರೆ 10000ನೇ ಸಾಲು ಬಂದ ದಿನ ಅದು 1001ರ ಪಕ್ಕ ಹೋಗಿ ಕೂರುತ್ತದೆ. ಅವತ್ತು ಹಳೇ ಡೇಟಾ ಎಲ್ಲ ತಿದ್ದಬೇಕು, ಮುದ್ರಿಸಿ ಅಂಟಿಸಿದ ಚೀಟಿ ತಿದ್ದಲು ಆಗುವುದಿಲ್ಲ. ಜನ ಹುಡುಕುವಾಗ 7 ಅಂತ ಟೈಪ್ ಮಾಡುತ್ತಾರೆ, 0007 ಅಂತ ಅಲ್ಲ. ಇನ್ನು ಆ ಡೇಟಾ ಸಿಎಸ್‌ವಿ ಆಗಿ ಹೊರಗೆ ಹೋಗಿ, ಯಾರೋ ಅದನ್ನು ಎಕ್ಸೆಲ್‌ನಲ್ಲಿ ಹಾಗೇ ತೆರೆದು ಸೇವ್ ಮಾಡಿದರೆ ಸೊನ್ನೆಗಳೆಲ್ಲ ಮಾಯ. ವಾಪಸ್ ಬಂದಾಗ ಅರ್ಧ ಸಾಲಿಗೆ ಸೊನ್ನೆ ಇದೆ, ಅರ್ಧಕ್ಕೆ ಇಲ್ಲ. ಮೊದಲಿಗಿಂತ ದೊಡ್ಡ ತಲೆನೋವು.

ಎಕ್ಸೆಲ್_ಮೇಜು

ಎಕ್ಸೆಲ್ ಮಾತು ಬಂದದ್ದಕ್ಕೆ ಸೇರುತ್ತಿದ್ದೇನೆ. ಮೂರನೇ_ಕಾಲಂ ಅವರೇ, ಮೂಲ ಶೀಟ್ ಇನ್ನೂ ಇದ್ದರೆ ಅದನ್ನು ತೆರೆದು ಕ್ರಮಸಂಖ್ಯೆ ಕಾಲಂ ನೋಡಿ. ಸೆಲ್‌ಗೆ ಯಾವ ಜೋಡಣೆಯನ್ನೂ ಕೊಟ್ಟಿಲ್ಲದಿದ್ದರೆ, ನಿಜವಾದ ಸಂಖ್ಯೆ ಬಲಕ್ಕೆ ಒತ್ತಿಕೊಂಡಿರುತ್ತದೆ, ಟೆಕ್ಸ್ಟ್ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಕಾಯಿಲೆ ಅಲ್ಲೇ ಶುರುವಾಗಿದೆ. ಸೆಲ್‌ನ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನವೂ ಇರುತ್ತದೆ. ಎಕ್ಸೆಲ್ ಏರಿಕೆ ಕ್ರಮದಲ್ಲಿ ಮೊದಲು ಎಲ್ಲ ಸಂಖ್ಯೆಗಳನ್ನು ಇಟ್ಟು, ಆಮೇಲೆ ಟೆಕ್ಸ್ಟ್ ಇಡುತ್ತದೆ. ಹಾಗಾಗಿ ಟೆಕ್ಸ್ಟ್ ಆಗಿರುವ 5, ಸಂಖ್ಯೆಯಾಗಿರುವ 900ರ ಕೆಳಗೆ ಹೋಗುತ್ತದೆ. ನೋಡುವವರಿಗೆ ಸಾರ್ಟ್ ಹಾಳಾಗಿದೆ ಅಂತ ಅನ್ನಿಸುತ್ತದೆ.

ಸುಲಭ ದಾರಿ: ಆ ಕಾಲಂ ಆಯ್ಕೆ ಮಾಡಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆಗೆದು, ಏನನ್ನೂ ಬದಲಾಯಿಸದೆ ಫಿನಿಶ್ ಒತ್ತಿ. ಕಾಲಂನ ಫಾರ್ಮ್ಯಾಟ್ ಮೊದಲು ಜನರಲ್ ಮಾಡಿರಿ. ಇಲ್ಲದಿದ್ದರೆ ಖಾಲಿ ಸೆಲ್‌ನಲ್ಲಿ 1 ಬರೆದು ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಮಲ್ಟಿಪ್ಲೈ ಕೊಡಿ.

ಇದಕ್ಕೂ ಜಗ್ಗದ ಸೆಲ್‌ಗಳು ಇರುತ್ತವೆ. ವೆಬ್ ಪುಟದಿಂದ ಕಾಪಿ ಮಾಡಿದ ಸಂಖ್ಯೆಯ ಹಿಂದೆ ಕಣ್ಣಿಗೆ ಕಾಣದ ಒಂದು ಜಾಗ ಅಂಟಿಕೊಂಡು ಬಂದಿರುತ್ತದೆ. ಅದು ಸ್ಪೇಸ್‌ಬಾರ್ ಒತ್ತಿದರೆ ಬರುವ 32ನೇ ಕೋಡಿನ ಜಾಗ ಅಲ್ಲ, 160ನೇ ಕೋಡಿನದು. ಟ್ರಿಮ್ ಫಂಕ್ಷನ್ ಅದನ್ನು ಮುಟ್ಟುವುದಿಲ್ಲ. ಸಬ್‌ಸ್ಟಿಟ್ಯೂಟ್ ಫಂಕ್ಷನ್‌ನಲ್ಲಿ 160ನೇ ಕ್ಯಾರೆಕ್ಟರ್ ಕೊಟ್ಟು ತೆಗೆಯಬೇಕು. ಸೆಲ್‌ನ ಉದ್ದವನ್ನು ಲೆನ್ ಫಂಕ್ಷನ್‌ನಿಂದ ನೋಡಿ. ಕಣ್ಣಿಗೆ ಕಾಣುವುದು 3 ಅಂಕಿ, ಲೆನ್ ಹೇಳುವುದು 4 ಅಂದರೆ ಕಳ್ಳ ಸಿಕ್ಕಿದ ಹಾಗೆ.

ಇನ್ನೊಂದು ಎಚ್ಚರಿಕೆ. 3-4 ತರಹದ ಕೋಡ್ ಇದ್ದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಆಮೇಲೆ ಆ ಕಾಲಂ ಸಾರ್ಟ್ ಆಗುವುದು ದಿನಾಂಕದ ಪ್ರಕಾರ. ಇದು ಎಷ್ಟು ದೊಡ್ಡ ಸಮಸ್ಯೆ ಅಂದರೆ, ಮಾನವ ಜೀನ್‌ಗಳಿಗೆ ಅಧಿಕೃತ ಹೆಸರು ಕೊಡುವ ಸಮಿತಿ 2020ರಲ್ಲಿ ಮಾರ್ಚ್1, ಸೆಪ್ಟ್1 ಮುಂತಾದ ಜೀನ್ ಹೆಸರುಗಳನ್ನೇ ಬದಲಾಯಿಸಿತು. ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರಿಗೆ ಒಂದು ಒಳ್ಳೇ ಸುದ್ದಿ: ಅದರ ಸಾರ್ಟ್ ಆಯ್ಕೆಗಳಲ್ಲಿ ನ್ಯಾಚುರಲ್ ಸಾರ್ಟ್ ಅಂತ ಒಂದು ಟಿಕ್ ಇದೆ, ಅಂದರೆ ಟೆಕ್ಸ್ಟಿನೊಳಗಿನ ಅಂಕಿಗಳನ್ನು ಸಂಖ್ಯೆಯಾಗಿ ಓದಿ ಜೋಡಿಸುವುದು. ಎ-2, ಎ-10 ತರಹದ್ದಕ್ಕೆ ಅದು ಸಾಕು.

ಮೂರನೇ_ಕಾಲಂ

ಎಲ್ಲರಿಗೂ ಧನ್ಯವಾದ. ಶೀಟ್ ನೋಡಿದೆ, ನೀವು ಹೇಳಿದ 160ರ ಜಾಗ ಹತ್ತಾರು ಸೆಲ್‌ಗಳಲ್ಲಿತ್ತು. ತೆಗೆದಿದ್ದೇನೆ. ಬ್ರೌಸರ್‌ನಲ್ಲಿ ಕಳೆಯುವ ಫಂಕ್ಷನ್ ಹಾಕಿದ ಮೇಲೆ 1, 2, 3, 10, 11 ಸರಿಯಾಗಿ ಬರುತ್ತಿದೆ.

ಈಗ ಹೊಸದು ಶುರುವಾಗಿದೆ. ಕ್ರಮಸಂಖ್ಯೆ ಇನ್ನೂ ಕೊಡದ ಖಾಲಿ ಸಾಲುಗಳು ಪಟ್ಟಿಯ ತಲೆಯ ಮೇಲೆ ಬಂದಿವೆ. "ಬಾಕಿ" ಅಂತ ಬರೆದಿರುವ ಕೆಲವು ಸಾಲುಗಳಿವೆ, ಅವು ಎಲ್ಲೆಲ್ಲೋ ಚದುರಿವೆ. ಅಷ್ಟೇ ಅಲ್ಲ, ಅವುಗಳ ಸುತ್ತಮುತ್ತ ಸರಿಯಾದ ಸಂಖ್ಯೆಗಳೂ ಏರುಪೇರಾಗಿವೆ.

ಬ್ರೌಸರ್_ಬದಿ

ಎರಡಕ್ಕೂ ಕಾರಣ ಇದೆ. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಸ್ಟ್ರಿಂಗನ್ನು ಸಂಖ್ಯೆ ಮಾಡಿದರೆ 0 ಬರುತ್ತದೆ. ಬರೀ ಸ್ಪೇಸ್ ಇದ್ದರೂ 0. ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಇದ್ದರೂ ಕಳೆಯುವಾಗ 0. ಹಾಗಾಗಿ ಅವೆಲ್ಲ 1ಕ್ಕಿಂತ ಮೇಲೆ ಹೋಗುತ್ತವೆ.

"ಬಾಕಿ" ಅನ್ನುವುದನ್ನು ಸಂಖ್ಯೆ ಮಾಡಿದರೆ ನ್ಯಾನ್ ಬರುತ್ತದೆ, ಅಂದರೆ ಇದು ಸಂಖ್ಯೆಯಲ್ಲ ಎಂಬ ಗುರುತು. ನ್ಯಾನ್‌ನಿಂದ ಏನು ಕಳೆದರೂ ನ್ಯಾನ್. ಸಾರ್ಟ್ ಅದನ್ನು 0 ಅಂತ, ಅಂದರೆ ಸಮ ಅಂತ, ತಿಳಿದುಕೊಳ್ಳುತ್ತದೆ. ಈಗ ಯೋಚಿಸಿ: 2 ಮತ್ತು ಬಾಕಿ ಸಮ, ಬಾಕಿ ಮತ್ತು 50 ಸಮ, ಆದರೆ 2 ಮತ್ತು 50 ಸಮ ಅಲ್ಲ. ಹೀಗೆ ಪರಸ್ಪರ ವಿರುದ್ಧ ಉತ್ತರ ಕೊಟ್ಟರೆ ಯಾವ ಸಾರ್ಟ್ ವಿಧಾನವೂ ಸರಿಯಾದ ಕ್ರಮ ಕೊಡಲಾರದು. ನಿಮ್ಮ ಒಳ್ಳೇ ಸಂಖ್ಯೆಗಳು ಕೆಟ್ಟದ್ದು ಅದಕ್ಕೇ. ಜಾವಾ ಭಾಷೆಯಲ್ಲಾದರೆ ಇಂಥ ಹೋಲಿಕೆ ಫಂಕ್ಷನ್ ನಿಯಮ ಮುರಿದಿದೆ ಅಂತ ಕೆಲವು ಸಲ ದೋಷ ಎಸೆದು ನಿಂತೇಬಿಡುತ್ತದೆ.

ಫಂಕ್ಷನ್‌ನ ಮೊದಲ ಸಾಲಿನಲ್ಲೇ ವಿಂಗಡಿಸಿ. ಸಂಖ್ಯೆಯಾಗಿ ಓದಲು ಬರುವುದು ಒಂದು ಗುಂಪು, ಬಾರದ ಪದ ಇನ್ನೊಂದು, ಖಾಲಿ ಮೂರನೆಯದು. ಗುಂಪು ಬೇರೆ ಬೇರೆ ಆಗಿದ್ದರೆ ಗುಂಪಿನ ಕ್ರಮವನ್ನೇ ಹಿಂದಿರುಗಿಸಿ. ಒಂದೇ ಗುಂಪಾದರೆ ಮಾತ್ರ ಒಳಗೆ ಹೋಲಿಸಿ. ಇಳಿಕೆ ಕ್ರಮ ಕೇಳಿದಾಗಲೂ ಖಾಲಿ ಸಾಲು ಕೊನೆಯಲ್ಲೇ ಇರಲಿ. ಪಟ್ಟಿಯನ್ನು ಸುಮ್ನೆ ತಿರುಗಿಸಿದರೆ ಖಾಲಿಗಳು ಮತ್ತೆ ಮೇಲೆ ಬರುತ್ತವೆ, ಅದನ್ನು ನೋಡಲು ಯಾರಿಗೂ ಇಷ್ಟವಿಲ್ಲ.

ಪಾರ್ಸ್‌ಇಂಟ್ ಬಳಸಬೇಡಿ. ಅದು 1,200ನ್ನು ಓದುತ್ತಾ ಅಲ್ಪವಿರಾಮ ಸಿಕ್ಕಿದ ಕೂಡಲೇ ನಿಂತು 1 ಅಂತ ಕೊಡುತ್ತದೆ. ದೋಷವನ್ನೂ ಹೇಳುವುದಿಲ್ಲ. ಸಾವಿರದ ಇನ್ನೂರು ಇರಬೇಕಾದದ್ದು ಒಂದರ ಪಕ್ಕ ಕೂತಿರುತ್ತದೆ.

ಜಾವಾ_ಜಗಲಿ

ಕಳೆಯುವ ಉಪಾಯದ ಬಗ್ಗೆ ಸಣ್ಣ ಸೇರ್ಪಡೆ. ಜಾವಾ, ಸಿ ಮುಂತಾದ ಕಡೆ ಇಂಟ್ ಟೈಪ್ ಸಾಮಾನ್ಯವಾಗಿ 32 ಬಿಟ್. ಅಲ್ಲಿ 2147483647ರಿಂದ -1 ಕಳೆದರೆ ಮಿತಿ ದಾಟಿಹೋಗುತ್ತದೆ. ಜಾವಾದಲ್ಲಿ ಉತ್ತರ ಸುತ್ತಿ ಬಂದು ಮೈನಸ್ ಆಗುತ್ತದೆ, ದೊಡ್ಡದು ಚಿಕ್ಕದಾಗಿಬಿಡುತ್ತದೆ. ಜಾವಾದಲ್ಲಿ ಇಂಟೀಜರ್ ಕಂಪೇರ್ ಅನ್ನುವ ಸಿದ್ಧ ವಿಧಾನ ಇದೆ, ಅದನ್ನೇ ಬಳಸಿ. ಜಾವಾಸ್ಕ್ರಿಪ್ಟಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿರುವ ತೊಂದರೆ ಬೇರೆ: 9007199254740991ಕ್ಕಿಂತ ದೊಡ್ಡ ಪೂರ್ಣಾಂಕ ಸಾಮಾನ್ಯ ನಂಬರ್ ಟೈಪಿನಲ್ಲಿ ನಿಖರವಾಗಿ ಉಳಿಯುವ ಭರವಸೆ ಇಲ್ಲ. ಎಕ್ಸೆಲ್‌ನಲ್ಲಿ 15 ಅಂಕಿಯ ಆಚೆ ಎಲ್ಲ ಸೊನ್ನೆ.

ಆದ್ದರಿಂದ ಅಂಕಿ ಕಂಡದ್ದನ್ನೆಲ್ಲ ಸಂಖ್ಯೆ ಮಾಡಲು ಹೋಗಬೇಡಿ. ಫೋನ್ ನಂಬರ್, ಉದ್ದದ ಸೀರಿಯಲ್ ನಂಬರ್ ಇವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅವು ಟೆಕ್ಸ್ಟ್ ಆಗಿಯೇ ಇರಬೇಕು.

ಡೇಟಾಬೇಸ್_ಡಬ್ಬಿ

ಇಷ್ಟೂ ಬ್ರೌಸರ್ ಬದಿಯ ರಿಪೇರಿ. ಮೂಲದಲ್ಲಿ ಸರಿಮಾಡದೆ ಇದು ನಿಲ್ಲುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಪಟ್ಟಿ ಒಂದು ಪುಟಕ್ಕೆ 50 ಸಾಲು ಅಂತ ತೋರಿಸುತ್ತದೆಯೇ? ಹಾಗಿದ್ದರೆ ಬ್ರೌಸರ್ ಸಾರ್ಟ್ ಮಾಡುವುದು ಕೈಗೆ ಬಂದ 50 ಸಾಲನ್ನು ಮಾತ್ರ. ಸರ್ವರ್ 1, 10, 100 ಕ್ರಮದಲ್ಲಿ ಮೊದಲ 50 ಕಳಿಸಿದರೆ, ಬ್ರೌಸರ್ ಆ ತಪ್ಪು ಐವತ್ತನ್ನೇ ಚೆಂದವಾಗಿ ಜೋಡಿಸಿ ತೋರಿಸುತ್ತದೆ. 2 ಬರುವುದು ಯಾವುದೋ ಮುಂದಿನ ಪುಟದಲ್ಲಿ.

ಕ್ವೆರಿಯಲ್ಲಿ ಕ್ರಮ ಹೇಳುವ ಆರ್ಡರ್ ಬೈ ಜಾಗದಲ್ಲಿ, ಟೈಪ್ ಬದಲಿಸುವ ಕಾಸ್ಟ್ ಹಾಕಿ ಸಂಖ್ಯೆ ಮಾಡುವುದು ಎಲ್ಲರೂ ಮೊದಲು ಮಾಡುವ ಕೆಲಸ. ಮೈಎಸ್‌ಕ್ಯುಎಲ್‌ನಲ್ಲಿ ಅದು ನಡೆಯುತ್ತದೆ, ಆದರೆ "ಬಾಕಿ" ಇದ್ದ ಕಡೆ ಸದ್ದಿಲ್ಲದೆ 0 ಅಂತ ಓದುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯುಎಲ್ ಹಾಗಲ್ಲ, ಒಂದೇ ಒಂದು ಖಾಲಿ ಸ್ಟ್ರಿಂಗ್ ಸಿಕ್ಕಿದರೂ ದೋಷ ಕೊಟ್ಟು ಇಡೀ ಕ್ವೆರಿ ನಿಲ್ಲಿಸುತ್ತದೆ. ನನಗೆ ಎರಡನೆಯದೇ ಇಷ್ಟ, ಡೇಟಾದಲ್ಲಿ ಕೊಳೆ ಇದೆ ಅಂತ ಅವತ್ತೇ ಗೊತ್ತಾಗುತ್ತದೆ. ಮತ್ತೆ, ಕಾಸ್ಟ್ ಮಾಡಿದರೆ ಆ ಕಾಲಂ ಮೇಲಿನ ಸಾಮಾನ್ಯ ಇಂಡೆಕ್ಸ್ ಸಾರ್ಟ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಲಕ್ಷ ಸಾಲಿದ್ದರೆ ಅದು ಕಾಣಿಸುತ್ತದೆ.

ಕ್ರಮಸಂಖ್ಯೆಗೆ ನಾನು ಹೇಳುವುದು ಇದು. 0ರಿಂದ 9ರ ಅಂಕಿ ಬಿಟ್ಟು ಬೇರೇನಾದರೂ ಇರುವ ಸಾಲುಗಳನ್ನು ಮೊದಲು ಹುಡುಕಿ ಪಟ್ಟಿ ಮಾಡಿ. ಅವನ್ನು ಕೈಯಿಂದ ನೋಡಿ ತಿದ್ದಿ. ಖಾಲಿಯನ್ನು ನಲ್ ಮಾಡಿ. "ಬಾಕಿ" ಅನ್ನುವುದು ಸಂಖ್ಯೆಯಲ್ಲ, ಅದು ಸ್ಥಿತಿ. ಅದಕ್ಕೆ ಬೇರೆ ಕಾಲಂ ಕೊಡಿ. ಆಮೇಲೆ ಟೈಪನ್ನೇ ಇಂಟೀಜರ್ ಮಾಡಿ. ನಲ್ ಎಲ್ಲಿ ಬರಬೇಕು ಅಂತ ಮಾತ್ರ ಸ್ಪಷ್ಟವಾಗಿ ಬರೆಯಿರಿ: ಏರಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಎಸ್‌ಕ್ಯುಎಲ್ ನಲ್‌ಗಳನ್ನು ಕೊನೆಗೆ ಇಡುತ್ತದೆ, ಮೈಎಸ್‌ಕ್ಯುಎಲ್ ಮತ್ತು ಎಸ್‌ಕ್ಯುಎಲೈಟ್ ಮೊದಲಿಗೆ ಇಡುತ್ತವೆ.

ಎ-10ಬಿ ತರಹದ ಕೋಡ್‌ಗೆ ಇನ್ನೊಂದು ಕಾಲಂ ಮಾಡಿ, ಯಾರಿಗೂ ತೋರಿಸಬೇಡಿ. ಸೇವ್ ಮಾಡುವಾಗ ಕೋಡಿನೊಳಗಿನ ಪ್ರತಿ ಸಂಖ್ಯೆಯನ್ನೂ ಹತ್ತು ಅಂಕಿಗೆ ಹಿಗ್ಗಿಸಿ ಅದರಲ್ಲಿ ಬರೆಯಿರಿ. ಎ-2 ಇದ್ದದ್ದು ಎ-0000000002, ಎ-10ಬಿ ಇದ್ದದ್ದು ಎ-0000000010ಬಿ. ಸಾರ್ಟ್ ಮಾಡುವುದು ಇದರ ಮೇಲೆ, ತೋರಿಸುವುದು ಮೂಲ ಕೋಡ್. ಇದಕ್ಕೆ ಇಂಡೆಕ್ಸ್ ಹಾಕಬಹುದು, ಪುಟ ವಿಂಗಡಣೆಯೂ ಸರಿಯಾಗುತ್ತದೆ. ಸೊನ್ನೆ_ಮುಂದೆ ಅವರ ಉಪಾಯ ಒಳ್ಳೆಯದೇ, ಇರಬೇಕಾದ ಜಾಗ ಇದು.

ಪೋಸ್ಟ್‌ಗ್ರೆಎಸ್‌ಕ್ಯುಎಲ್ ಇದ್ದರೆ ಈ ಕಾಲಂ ಇಲ್ಲದೆಯೂ ಆಗುತ್ತದೆ. 10ನೇ ಆವೃತ್ತಿಯಿಂದ ಐಸಿಯು ಲೈಬ್ರರಿಯ ಕೊಲೇಷನ್ (ಟೆಕ್ಸ್ಟ್ ಜೋಡಿಸುವ ನಿಯಮ) ಇದೆ. ಅದರಲ್ಲಿ ಕೆಎನ್ ಅನ್ನುವ ಗುರುತನ್ನು ಟ್ರೂ ಮಾಡಿ ಒಂದು ಕೊಲೇಷನ್ ತಯಾರಿಸಿ ಕಾಲಂಗೆ ಕೊಟ್ಟರೆ, ಅಂಕಿಗಳನ್ನು ಸಂಖ್ಯೆಯಾಗಿಯೇ ಓದುತ್ತದೆ. ಕನ್ನಡ ಭಾಷೆಯ ಕೋಡ್ ಕೂಡ ಕೆಎನ್, ಹಾಗಾಗಿ ಕನ್ನಡಕ್ಕೆ ಇದನ್ನು ಬರೆಯುವಾಗ ಕೆಎನ್ ಎರಡು ಸಲ ಬರುತ್ತದೆ. ಒಂದನ್ನು ಅಳಿಸಿಬಿಡಬೇಡಿ, ಎರಡೂ ಬೇಕು.

ಸೊನ್ನೆ_ಮುಂದೆ

ತೋರಿಸುವುದು ಬೇರೆ, ಸಾರ್ಟ್ ಮಾಡುವುದು ಬೇರೆ ಅಂದರೆ ನನ್ನ ತಕರಾರಿಲ್ಲ. ಹತ್ತು ಅಂಕಿ ಇಟ್ಟದ್ದೂ ಸರಿ. ಕಡತದ ಹೆಸರಿಗೆ ಮಾತ್ರ ನಾನು ಸೊನ್ನೆ ಬಿಡುವುದಿಲ್ಲ.

ಅಚ್ಚ_ಅಂಕಿ

ಒಂದು ಪ್ರಶ್ನೆ, ಇದೇ ವಿಷಯಕ್ಕೆ ಸೇರಿದ್ದು. ನಾನು ಅಧ್ಯಾಯಗಳಿಗೆ ಕನ್ನಡ ಅಂಕಿಯಲ್ಲೇ ಸಂಖ್ಯೆ ಕೊಡುತ್ತೇನೆ: ೧, ೨, ೧೦. ಕೆಲವು ಹಳೆಯವು 1, 2 ಅಂತ ಇವೆ. ಸಾರ್ಟ್ ಮಾಡಿದರೆ 1, 10, 2 ಎಲ್ಲ ಮೊದಲು, ಆಮೇಲೆ ೧, ೧೦, ೨ ಬರುತ್ತವೆ. ಕನ್ನಡ ಅಂಕಿಯನ್ನು ಬಿಟ್ಟುಬಿಡಿ ಅಂತ ದಯವಿಟ್ಟು ಹೇಳಬೇಡಿ.

ಬ್ರೌಸರ್_ಬದಿ

ಬಿಡಬೇಕಾಗಿಲ್ಲ. ಯೂನಿಕೋಡಿನಲ್ಲಿ ೦ರಿಂದ ೯ರ ತನಕ ಹತ್ತು ಅಂಕಿಗಳು ಸಾಲಾಗಿ 3302ರಿಂದ 3311ರ ತನಕ ಇವೆ. 1ರ ಕೋಡ್ 49, ೧ರ ಕೋಡ್ 3303. ಬರೀ ಕೋಡ್ ಹೋಲಿಸಿದರೆ ಎಲ್ಲ ಕನ್ನಡ ಅಂಕಿಗಳೂ 9ರ ಆಚೆ ಹೋಗುತ್ತವೆ. ನಿಮಗೆ ಆಗುತ್ತಿರುವುದು ಅದೇ.

ಆದರೆ ಮೇಲೆ ಹೇಳಿದ ಕೊಲೇಟರ್, ನ್ಯೂಮೆರಿಕ್ ಆಯ್ಕೆಯೊಂದಿಗೆ, ಯೂನಿಕೋಡ್ ದಶಮಾಂಶ ಅಂಕಿ ಅಂತ ಗುರುತಿಸಿರುವ ಎಲ್ಲ ಲಿಪಿಯ ಅಂಕಿಗಳನ್ನೂ ಬೆಲೆಯ ಪ್ರಕಾರ ಓದುತ್ತದೆ. ೨ ಮತ್ತು 2 ಅಕ್ಕಪಕ್ಕ ಬರುತ್ತವೆ, ೧೦ ಅವುಗಳ ನಂತರ. ಪೈಥಾನ್‌ನಲ್ಲಿ ಇನ್ನೂ ಸುಲಭ: "೧೨" ಅನ್ನು ನೇರವಾಗಿ ಇಂಟ್‌ಗೆ ಕೊಟ್ಟರೆ 12 ಬರುತ್ತದೆ. ಜಾವಾಸ್ಕ್ರಿಪ್ಟಿನ ನಂಬರ್ ಫಂಕ್ಷನ್ ಮಾತ್ರ ಅದನ್ನು ಓದದೆ ನ್ಯಾನ್ ಕೊಡುತ್ತದೆ. ಅಲ್ಲಿ ನೀವು ಒಂದೊಂದು ಅಂಕಿಯ ಕೋಡಿನಿಂದ 3302 ಕಳೆದು ಬೆಲೆ ಪಡೆಯಬೇಕು. ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲೂ ಇದೇ ವ್ಯತ್ಯಾಸ. ಅಂಕಿಯನ್ನು ಹುಡುಕುವ ಡಿ ಗುರುತು ಪೈಥಾನ್ 3ರ ಸ್ಟ್ರಿಂಗ್‌ನಲ್ಲಿ ಕನ್ನಡ ಅಂಕಿಯನ್ನೂ ಹಿಡಿಯುತ್ತದೆ, ಜಾವಾಸ್ಕ್ರಿಪ್ಟಿನಲ್ಲಿ 0ರಿಂದ 9 ಮಾತ್ರ.

ಅಚ್ಚ_ಅಂಕಿ

ಕೊಲೇಟರ್ ಹಾಕಿ ನೋಡಿದೆ. 1, ೧, 2, ೨, 10, ೧೦ ಅಂತ ಬಂತು! ತುಂಬ ಖುಷಿಯಾಯಿತು, ಧನ್ಯವಾದಗಳು.

ಹಳೇ_ಟರ್ಮಿನಲ್

ವರ್ಷನ್ ಕಾಲಂ ಬಾಕಿ ಉಳಿದಿದೆ. ಇದರಲ್ಲಿ ತಪ್ಪು ಮಾಡುವುದು ಸುಲಭ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1.10 ಅಂದರೆ ದಶಮಾಂಶದಲ್ಲಿ 1.1. ಆದರೆ ವರ್ಷನ್‌ನಲ್ಲಿ ಅದು ಒಂದನೇ ಸಾಲಿನ ಹತ್ತನೇ ಬಿಡುಗಡೆ. ಈ ಕಾಲಂ ಅನ್ನು ಡೆಸಿಮಲ್ ಮಾಡಿದರೆ ಕ್ರಮ ಕೆಡುವುದಷ್ಟೇ ಅಲ್ಲ, ಮಾಹಿತಿಯೇ ಕಳೆದುಹೋಗುತ್ತದೆ. ಪೈಥಾನ್ 3.10 ಬಂದಾಗ, 2021ರಲ್ಲಿ, ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾಮೆಲ್ ಕಡತದಲ್ಲಿ ಕೋಟ್ಸ್ ಇಲ್ಲದೆ 3.10 ಅಂತ ಬರೆದವರಿಗೆ ಇದೇ ಆಯಿತು. ಯಾಮೆಲ್ ಅದನ್ನು ಸಂಖ್ಯೆ ಅಂತ ಓದಿ 3.1 ಮಾಡಿತು. ಕೋಟ್ಸ್ ಹಾಕಿದ ಮೇಲೆ ಸರಿಹೋಯಿತು. ನಿಮ್ಮ ಕಾಲಂ ಟೆಕ್ಸ್ಟ್ ಆಗಿರುವುದೇ ಒಳ್ಳೆಯದು, ಹಾಗೇ ಇರಲಿ.

ಸಾರ್ಟ್‌ಗೆ ಚುಕ್ಕಿಯ ಹತ್ತಿರ ತುಂಡು ಮಾಡಿ, ಒಂದೊಂದು ತುಂಡನ್ನೂ ಪೂರ್ಣಾಂಕವಾಗಿ ಹೋಲಿಸಬೇಕು. ನ್ಯಾಚುರಲ್ ಸಾರ್ಟ್ ಕೂಡ ಇಲ್ಲಿ ಬಹುಮಟ್ಟಿಗೆ ಸರಿ ಉತ್ತರವನ್ನೇ ಕೊಡುತ್ತದೆ. ಅದೇ ಕಾರಣಕ್ಕೆ ಅದು ದಶಮಾಂಶಕ್ಕೆ ಆಗುವುದಿಲ್ಲ. 1.5 ಮತ್ತು 1.25 ಕೊಟ್ಟರೆ 5 ಚಿಕ್ಕದು, 25 ದೊಡ್ಡದು ಅಂತ 1.5ನ್ನು ಮೊದಲು ಇಡುತ್ತದೆ. ತೂಕ, ಅಳತೆ ಇರುವ ಕಾಲಂಗೆ ಇದನ್ನು ಹಾಕಿದರೆ ಅನರ್ಥ. ಮೈನಸ್ ಸಂಖ್ಯೆಯೂ ಅಷ್ಟೇ. ಅದಕ್ಕೆ ಮೈನಸ್ ಅನ್ನುವುದು ಸುಮ್ನೆ ಒಂದು ಗೆರೆ, -5 ಮೊದಲು, -10 ಆಮೇಲೆ ಬರುತ್ತದೆ.

ವರ್ಷನ್‌ಗೆ ಬಾಲ ಇದ್ದರೆ ಇನ್ನೊಂದು ತೊಡಕು. ವರ್ಷನ್ ಸಂಖ್ಯೆ ಹೇಗೆ ಕೊಡಬೇಕು ಅಂತ ಹೇಳುವ ಸೆಮ್‌ವರ್ ನಿಯಮದಲ್ಲಿ 1.0.0-ಆಲ್ಫಾ ಅನ್ನುವುದು 1.0.0ಕ್ಕಿಂತ ಹಳೆಯದು, ಮೊದಲು ಬರಬೇಕು. ಲಿನಕ್ಸಿನ ಸಾರ್ಟ್ ಕಮಾಂಡಿಗೆ ಮೈನಸ್ ದೊಡ್ಡ ವಿ ಕೊಟ್ಟರೆ ಅದು 1.0.0ನ್ನೇ ಮೊದಲು ಇಡುತ್ತದೆ. ಬಾಲದಲ್ಲಿ ಆರ್‌ಸಿ2, ಆರ್‌ಸಿ10 ಅಂತ ಅಕ್ಷರಕ್ಕೆ ಅಂಕಿ ಅಂಟಿಸಿ ಬರೆದಿದ್ದರೆ ಸೆಮ್‌ವರ್ ಅದನ್ನು ಟೆಕ್ಸ್ಟ್ ಆಗಿ ಹೋಲಿಸಿ ಆರ್‌ಸಿ10ನ್ನು ಮೊದಲು ಹಾಕುತ್ತದೆ. ಮಧ್ಯೆ ಚುಕ್ಕಿ ಇಟ್ಟು ಆರ್‌ಸಿ.2, ಆರ್‌ಸಿ.10 ಅಂತ ಬರೆದರೆ ಮಾತ್ರ ಸಂಖ್ಯೆಯಾಗಿ ಓದುತ್ತದೆ. ಇದನ್ನು ಕೈಯಾರೆ ಬರೆಯಬೇಡಿ. ನಿಮ್ಮ ಭಾಷೆಗೆ ಸೆಮ್‌ವರ್ ಲೈಬ್ರರಿ ಇದ್ದೇ ಇರುತ್ತದೆ.

ಎಕ್ಸೆಲ್_ಮೇಜು

ನ್ಯಾಚುರಲ್ ಸಾರ್ಟ್ ಎಲ್ಲ ಕಡೆ ಒಳ್ಳೆಯದು ಅಂತ ಅಲ್ಲ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಹೆಸರೇ ಹೆಕ್ಸಾಡೆಸಿಮಲ್ ಆಗಿರುವ ಕಡತಗಳು ಇರುತ್ತವಲ್ಲ, ಹ್ಯಾಶ್ ಹೆಸರಿನವು. ಅದರಲ್ಲಿ ಅಂಕಿಗಳ ನಡುವೆ ಎ, ಬಿ, ಸಿ ಬೆರೆತಿರುತ್ತವೆ. ನ್ಯಾಚುರಲ್ ಸಾರ್ಟ್ ಅಲ್ಲಲ್ಲಿ ತುಂಡು ಮಾಡಿ ಓದಿ ಕ್ರಮವನ್ನು ಕಲಸಿಹಾಕುತ್ತದೆ. ಅಂಥ ಕಡೆ ಬರೀ ಅಕ್ಷರದ ಹೋಲಿಕೆಯೇ ಸರಿ. ವಿಂಡೋಸ್‌ನ ಗ್ರೂಪ್ ಪಾಲಿಸಿಯಲ್ಲಿ ಎಕ್ಸ್‌ಪ್ಲೋರರ್‌ನ ಈ ಸಂಖ್ಯಾ ಸಾರ್ಟ್ ಆರಿಸುವ ಆಯ್ಕೆಯೂ ಇದೆ.

ಮೂರನೇ_ಕಾಲಂ

ಮಾಡಿದ್ದನ್ನು ಹೇಳುತ್ತೇನೆ. ಕ್ರಮಸಂಖ್ಯೆ ಈಗ ಇಂಟೀಜರ್, ಖಾಲಿ ಇದ್ದದ್ದು ನಲ್, "ಬಾಕಿ" ಬೇರೆ ಕಾಲಂಗೆ ಹೋಯಿತು. ಕೋಡ್‌ಗೆ ಮುಚ್ಚಿಟ್ಟ ಸಾರ್ಟ್ ಕಾಲಂ ಸೇರಿಸಿದೆ. ವರ್ಷನ್‌ಗೆ ಲೈಬ್ರರಿ. ಡೇಟಾಬೇಸ್_ಡಬ್ಬಿ ಅವರು ಹೇಳಿದ ಹಾಗೆ ಪುಟಕ್ಕೆ 50 ಸಾಲೇ ಇತ್ತು, ಹಾಗಾಗಿ ಕ್ರಮಸಂಖ್ಯೆ ಮತ್ತು ಕೋಡ್ ಸಾರ್ಟ್‌ಗಳನ್ನು ಸರ್ವರ್‌ಗೆ ತಂದೆ.

ಒಂದು ಉಳಿದಿದೆ. ಉಪಕರಣ ಇರುವ ಕೊಠಡಿ ಸಂಖ್ಯೆಯ ಮೇಲೆ ಸಾರ್ಟ್ ಮಾಡಿ ಮುಂದಿನ ಪುಟಕ್ಕೆ ಹೋದರೆ, ಹಿಂದಿನ ಪುಟದಲ್ಲಿ ನೋಡಿದ ಸಾಲೇ ಮತ್ತೆ ಕಾಣುತ್ತದೆ. ಕೆಲವು ಸಾಲು ಯಾವ ಪುಟದಲ್ಲೂ ಸಿಗುವುದಿಲ್ಲ. ಕೊಠಡಿ ಸಂಖ್ಯೆ ಸರಿಯಾದ ಇಂಟೀಜರ್ರೇ.

ಡೇಟಾಬೇಸ್_ಡಬ್ಬಿ

ಒಂದೇ ಕೊಠಡಿಯಲ್ಲಿ ತುಂಬ ಉಪಕರಣ ಇರಬೇಕು ಅಲ್ವಾ? ಕೊಠಡಿ 12 ಅಂತ 80 ಸಾಲಿದ್ದರೆ, ಆ ಎಂಬತ್ತು ತಮ್ಮತಮ್ಮಲ್ಲಿ ಯಾವ ಕ್ರಮದಲ್ಲಿರಬೇಕು ಅಂತ ನೀವು ಡೇಟಾಬೇಸಿಗೆ ಹೇಳಿಲ್ಲ. ಪ್ರತಿ ಪುಟಕ್ಕೂ ಕ್ವೆರಿ ಹೊಸದಾಗಿ ಓಡುತ್ತದೆ. ಪ್ರತಿ ಸಲವೂ ಅದೇ ಕ್ರಮ ಕೊಡಬೇಕು ಅಂತ ಡೇಟಾಬೇಸಿಗೆ ಕಟ್ಟುಪಾಡಿಲ್ಲ. ಮೊದಲ ಪುಟದಲ್ಲಿ 50ನೆಯದಾಗಿ ಬಂದದ್ದು ಎರಡನೇ ಪುಟ ಕೇಳುವಾಗ 53ನೆಯದಾಗಬಹುದು.

ಆರ್ಡರ್ ಬೈನಲ್ಲಿ ಕೊಠಡಿಯ ನಂತರ ಎಂದೂ ಎರಡು ಸಲ ಬಾರದ ಒಂದು ಕಾಲಂ ಸೇರಿಸಿ. ಪ್ರೈಮರಿ ಕೀ ಸಾಕು. ಕೋಡ್ ಕಾಲಂಗೂ ಅದನ್ನೇ ಮಾಡಿ, ಯಾಕೆಂದರೆ ಎ-2 ಮತ್ತು ಎ-02 ಎರಡೂ ಇದ್ದರೆ ನಿಮ್ಮ ಮುಚ್ಚಿಟ್ಟ ಕಾಲಂನಲ್ಲಿ ಅವು ಒಂದೇ ಆಗಿಬಿಡುತ್ತವೆ. ಬ್ರೌಸರ್‌ನಲ್ಲಿ ಉಳಿದಿರುವ ಸಾರ್ಟ್‌ಗೆ ಈ ಚಿಂತೆ ಕಡಿಮೆ. ಜಾವಾಸ್ಕ್ರಿಪ್ಟಿನ ಮಾನದಂಡವಾದ, 2019ರ ಎಕ್ಮಾಸ್ಕ್ರಿಪ್ಟ್‌ನಿಂದ ಸಮ ಇರುವ ಸಾಲುಗಳು ಬಂದ ಕ್ರಮದಲ್ಲೇ ಉಳಿಯಬೇಕು ಅಂತ ನಿಯಮ ಇದೆ.

ಮೂರನೇ_ಕಾಲಂ

ಕೊಠಡಿ 12ರಲ್ಲಿ ಸಾಲು ತುಂಬ ಜಾಸ್ತಿಯೇ ಇದ್ದವು. ಪ್ರೈಮರಿ ಕೀ ಸೇರಿಸಿದೆ, ಪುಟಗಳು ಈಗ ಸರಿಯಾಗಿ ಮುಂದುವರಿಯುತ್ತಿವೆ, ಯಾವ ಸಾಲೂ ಕಳೆಯುತ್ತಿಲ್ಲ. ಎ-2, ಎ-02 ಎರಡೂ ಇರುವ ಜೋಡಿಗಳನ್ನು ಹುಡುಕಿದೆ, ಕೆಲವು ಸಿಕ್ಕಿವೆ. ಅವು ಒಂದೇ ಉಪಕರಣವಾ ಎರಡಾ ಅಂತ ಕೊಠಡಿಗೆ ಹೋಗಿ ನೋಡಿ ತಿದ್ದುತ್ತೇನೆ.